ಮೂರನೆಯ ತಿರುವಿನ ಹುರುಳಿ

ಶಹಾಪುರದಲ್ಲಿ ಕಾರು ಕಲಿತ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನ ನನ್ನಿಂದ ಬೈಸಿಕೊಂಡವರೇ. ಹದಿನಾಲ್ಕು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಕಲಿಯುವವರ ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ, ನನ್ನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಅವರು ಗಾಬರಿಯಾದರೆ ನಾನು ಒತ್ತುತ್ತೇನೆ, ಆಮೇಲೆ ಬಾಯಿಗೆ ಬಂದಂತೆ ಬಯ್ಯುತ್ತೇನೆ. ಬಾಯಿ ಕೆಟ್ಟದ್ದು, ಕಾಲು ಒಳ್ಳೆಯದು ಎಂದು ಊರಲ್ಲಿ ನನಗೆ ಹೆಸರಿದೆ. ಇಂಥವಳು, ಪಕ್ಕದಲ್ಲಿ ಯಾರೂ ಕೂರದ ಕಾರಿನೊಳಗೆ ನನ್ನ ತಮ್ಮನನ್ನು ಬೆಲ್ಟು ಬಿಗಿದು ಕೂರಿಸಿದೆ. ಕೂರಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಕಡೇಚೂರಿನ ಕಾರ್ಖಾನೆಗಳಿಂದ ಮಾಲು ತುಂಬಿಕೊಂಡು ಗುರುಮಠಕಲ್ ದಾಟಿ ತೆಲಂಗಾಣದ ಕಡೆ ಟೆಂಪೊ ಓಡಿಸುತ್ತಿದ್ದ. ಅವನಿಗೆ ಗಾಡಿ ಕಲಿಸಿದವಳೂ ನಾನೇ. ಕಲಿಸಿದ ನೂರಾರು ಜನರಲ್ಲಿ ಒಮ್ಮೆಯೂ ನನ್ನ ಕಡೆಯ ಬ್ರೇಕು ಒತ್ತಿಸದವನು ಅವನೊಬ್ಬ. ಸ್ಟೇರಿಂಗ್ ಹಿಡಿದರೆ ಅವನ ಕೈ ಎಷ್ಟು ಸಮಾಧಾನವಾಗಿರುತ್ತಿತ್ತೆಂದರೆ, ಪಕ್ಕದಲ್ಲಿ ಕೂತ ನನಗೆ ನಿದ್ದೆ ಬರುತ್ತಿತ್ತು.

ಯಾದಗಿರಿಯಲ್ಲಿ ನಾನು ಟೈರು ಕೊಳ್ಳುವ ಅಂಗಡಿಯ ಸಾಹುಕಾರರಿಗೆ ಕಾರು ಓಟದ ಹುಚ್ಚು. ಅವರು ಎಂಟು ಹತ್ತು ಜನರನ್ನು ಕೂಡಿಸಿ ಒಂದು ಕ್ಲಬ್ಬು ಮಾಡಿಕೊಂಡಿದ್ದರು. ಒಂದು ಭಾನುವಾರ, ಕಾರ್ಖಾನೆಗಳಿಗಾಗಿ ರಸ್ತೆ ಹಾಕಿ ಕಾರ್ಖಾನೆ ಇನ್ನೂ ಬಾರದೆ ಬಿಟ್ಟ ಜಾಗದಲ್ಲಿ ಸ್ಪ್ರಿಂಟ್ ಇಟ್ಟರು. ನೇರ ರಸ್ತೆ, ಒಂದು ಸಲಕ್ಕೆ ಒಂದೇ ಕಾರು, ಯಾರು ಕಡಿಮೆ ಹೊತ್ತಿನಲ್ಲಿ ಮುಟ್ಟುತ್ತಾರೋ ಅವರು ಗೆದ್ದರು. ಅಷ್ಟೇ ಆಟ. ರಸ್ತೆಯ ಅಂಚಿಗೆ ಇಡಲು ನನ್ನ ಸ್ಕೂಲಿನ ಕೇಸರಿ ಕೋನುಗಳನ್ನು ಕೇಳಿದ್ದರು. ನಾನು ಕೋನು ಒಯ್ದೆ, ಜೊತೆಗೆ ತಮ್ಮನನ್ನೂ ಒಯ್ದೆ. ಅವನು ತನ್ನ ಹಳೆಯ ಸಣ್ಣ ಕಾರಿನಲ್ಲಿ ಓಡಿಸಿ, ದೊಡ್ಡ ಇಂಜಿನ್ನಿನವರನ್ನು ಹಿಂದೆ ಹಾಕಿ ಮೂರನೆಯವನಾಗಿ ಬಂದ. ಹೊಟ್ಟೆಯೊಳಗಿಂದ ಬರುವಂಥ ಖುಷಿ ನನಗಾಯಿತು. ಅವನಿಗೆ ಅಷ್ಟು ಆಗಿರಲಿಲ್ಲ, ನಿಜ ಹೇಳಬೇಕೆಂದರೆ. ಸಾಹುಕಾರರು, "ಮುಂದಿನ ಸಲ ಗುಡ್ಡ ಹತ್ತಿಸೋದು ಐತಿ. ಸುರಪುರದ ಕಡಿ ಒಂದು ಛಲೋ ರಸ್ತಾ ನೋಡೀನಿ. ನಿಮ್ಮ ತಮ್ಮ ಬರ್ತಾನೇನ್ರಿ?" ಎಂದಾಗ, ಅವನು ಬಾಯಿ ತೆರೆಯುವ ಮೊದಲೇ ನಾನು, "ಬರ್ತಾನ್ರಿ, ಹೆಸರು ಬರಕೊಳ್ರಿ" ಎಂದುಬಿಟ್ಟೆ.

ಮರುದಿನ ಅವನ ಹೆಂಡತಿ ನನ್ನ ಮನೆಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಒಲೆಯ ಹತ್ತಿರ ಕೂತು ಹೇಳಿದಳು: "ಅಕ್ಕಾರ, ನಮ್ಮ ಮನಿ ಅವರ ಎರಡು ಕೈ ಮ್ಯಾಲ ನಿಂತೈತ್ರಿ. ನಿಮಗ ಗೊತ್ತಿಲ್ಲದ್ದೇನಲ್ಲ."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿಯಿತ್ತು, ಅದಕ್ಕೇ ಬಂತು. "ಕೈ ಎಲ್ಲಿ ಹೋಗ್ತಾವ ತಂಗಿ? ನಾ ಅಲ್ಲೇ ಇರ್ತೀನಿ. ನಾ ಇದ್ದಲ್ಲಿ ಇಷ್ಟು ದಿನ ಯಾರಿಗಾರ ಏನಾರ ಆಗೈತೇನು?" ಎಂದೆ. ಅವಳು ಎದ್ದು ಹೋಗುವಾಗ ಒಂದು ಬಿಸಿ ರೊಟ್ಟಿ ಕೊಟ್ಟರೆ, ಹಸಿವಿಲ್ಲ ಎಂದಳು.

ಗುಡ್ಡ ಹತ್ತುವ ಕಾರು ಹಗುರ ಇರಬೇಕು, ನೆಲಕ್ಕೆ ಹತ್ತಿರ ಇರಬೇಕು. ತಮ್ಮ ಒಂದು ತಿಂಗಳು ಆ ಕೆಲಸಕ್ಕೆ ಬಿದ್ದ. ಡ್ರೈವರ್ ಸೀಟು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತ. ನೆಲಕ್ಕೆ ಹಾಸಿದ ರಬ್ಬರು, ಅದರ ಕೆಳಗಿನ ದಪ್ಪ ಬಟ್ಟೆ ಎಲ್ಲವನ್ನೂ ಕೆತ್ತಿ ತೆಗೆದ. ಸ್ಪ್ರಿಂಗು ಕತ್ತರಿಸಿ ಕಾರನ್ನು ತಗ್ಗಿಸಿದ. ಕೆಳಗೆ ಒಂದು ಗೇಣು ಜಾಗವೂ ಉಳಿಯಲಿಲ್ಲ. ಸೈಲೆನ್ಸರ್ ತೆಗೆದು ನೇರವಾದ ಒಂದು ಕೊಳವೆ ಹಾಕಿಸಿದ. ಯಾದಗಿರಿಯಲ್ಲಿ ಒಳಗೆ ಕಬ್ಬಿಣದ ಪೈಪಿನ ಪಂಜರ ಬೆಸೆಸಿದೆವು. ಹೆಲ್ಮೆಟ್ಟು ಕೊಂಡೆವು, ಭುಜಕ್ಕೂ ಸೊಂಟಕ್ಕೂ ತೊಡೆಯ ಸಂದಿಗೂ ಬಿಗಿಯುವ ಬೆಲ್ಟು ಕೊಂಡೆವು. ಬೆಂಕಿ ತಡೆಯುವ ಕೈಗವಸು ಕೊಳ್ಳೋಣ ಎಂದೆ. ಅವನು ಒಪ್ಪಲಿಲ್ಲ. "ಸ್ಟೇರಿಂಗ್ ಕೈಗೆ ಹತ್ತಬೇಕು ಅಕ್ಕಾ. ಕೈಗಿ ಚೀಲ ಕಟ್ಟಿಕೊಂಡು ಯಾರಾರ ಉಣ್ತಾರೇನು?" ಎಂದು ನಕ್ಕ. ನಾನೂ ನಕ್ಕೆ. ಶಿಷ್ಯರು ಕನ್ನಡಿ ಸರಿಮಾಡಿಕೊಳ್ಳದಿದ್ದರೆ ಕಾರಿನಿಂದ ಇಳಿಸುವ ನಾನು, ಅಂದು ಯಾಕೆ ನಕ್ಕೆನೋ.

ಒಂದು ಸಂಜೆ ಓಡಿಸಿ ನೋಡಿ ಬಂದು, ಹೊಲದ ಬದುವಿನ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಿದ. ಐದು ನಿಮಿಷದಲ್ಲಿ ಕೆಳಗಿನಿಂದ ಹೊಗೆ. ಕಾರು ಮುಂದಕ್ಕೆ ನೂಕಿ, ಚಪ್ಪಲಿಯಿಂದ ಹುಲ್ಲು ತುಳಿದು ಆರಿಸಿದೆವು. "ಮಂಗ್ಯಾನಂಥವನ, ಕೊಳವಿ ಕೆಂಡ ಆಗಿರ್ತೈತಿ, ಹುಲ್ಲಿನ ಮ್ಯಾಲ ನಿಲ್ಲಸ್ತಾರೇನು?" ಎಂದು ಬೈದೆ. ಬೈದವಳು ನಾನು. ಹೀಗಾಗಿ ನನಗೆ ಗೊತ್ತಿರಲಿಲ್ಲ ಎಂದು ಯಾರ ಮುಂದೆಯೂ ಹೇಳುವಂತಿಲ್ಲ.

ಸುರಪುರದ ಆಚೆ, ಟವರಿಗಾಗಿ ಗುಡ್ಡದ ತುದಿಯವರೆಗೆ ಡಾಂಬರು ಹಾಕಿದ ರಸ್ತೆ ಅದು. ಆರು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರಿನ ಹೊಲ. ಎಳ್ಳಮಾಸಿ ಹಬ್ಬ ಮುಗಿದು ಸುಗ್ಗಿ ನಡೆದಿತ್ತು. ಸಾಹುಕಾರರು ಪೊಲೀಸರ, ಪಂಚಾಯಿತಿಯವರ ಒಪ್ಪಿಗೆ ತಂದಿದ್ದರು. ಹಿಂದಿನ ದಿನ ಕೆಳಗಿನ ಹಳ್ಳಿಯಲ್ಲಿ ಡಂಗುರವನ್ನೂ ಸಾರಿಸಿದ್ದರು: ನಾಳೆ ಮುಂಜಾನೆ ಗುಡ್ಡದ ದಾರಿಯಲ್ಲಿ ಕಾರುಗಳು ಓಡುತ್ತವೆ, ಜನ ದನ ಯಾರೂ ಬರಕೂಡದು. ನಾಲ್ಕು ಕಾರು, ಪ್ರತಿಯೊಂದಕ್ಕೆ ಎರಡೆರಡು ಓಟ. ಮೂರನೆಯ ತಿರುವಿನಲ್ಲಿ ನಿಲ್ಲುವ ಕೆಲಸ ನನ್ನದು. ಕೈಗೆ ಒಂದು ಕೆಂಪು ಬಾವುಟ, ಕಾಲ ಬಳಿ ಬೆಂಕಿ ಆರಿಸುವ ಒಂದು ಸಣ್ಣ ಸಿಲಿಂಡರು. ರಸ್ತೆಯ ಮೇಲೆ ಏನೇ ಇದ್ದರೂ ಬಾವುಟ ಎತ್ತಬೇಕು. ಎತ್ತಿದರೆ ಓಡಿಸುವವನು ಅಲ್ಲೇ ನಿಲ್ಲಬೇಕು. ಇದೊಂದೇ ನಿಯಮ.

ನಾನು ಹೋಗಿ ನಿಲ್ಲುವಷ್ಟರಲ್ಲಿ ಒಬ್ಬ ಮುದುಕಿ ಅಲ್ಲಿದ್ದಳು. ಹೊಲದಿಂದ ಹುರುಳಿ ಬಳ್ಳಿಯ ಹೊರೆ ತಂದು, ತಿರುವು ದಾಟಿದ ಮೇಲೆ ಬರುವ ನೇರ ರಸ್ತೆಯಲ್ಲಿ ಹಾಸುತ್ತಿದ್ದಳು.

"ಆಯಿ, ಡಂಗುರ ಕೇಳಿಲ್ಲೇನು? ಇಲ್ಲಿ ಕಾರ್ ಓಡ್ತಾವ," ಎಂದೆ.

"ಕೇಳೇ ಬಂದೀನಿ ಯವ್ವಾ," ಎಂದಳು. "ಈ ದಾರಿಯಾಗ ದಿನಕ್ಕೊಂದು ಗಾಡಿ ಬರಲ್ಲ. ಇವತ್ತ ಸಾಲಾಗಿ ಬರ್ತಾವಂತ. ಅದಕ್ಕ ಹೊತ್ತು ಮೂಡೋಕಿಂತ ಮೊದಲ ಎದ್ದು ತಂದೀನಿ."

ನಾನು ನಕ್ಕುಬಿಟ್ಟೆ. ನಮ್ಮ ಕಡೆ ಇದು ಹೊಸದಲ್ಲ. ಸುಗ್ಗಿಯಲ್ಲಿ ಹುರುಳಿ, ಕಡಲೆ, ಜೋಳ ಎಲ್ಲವನ್ನೂ ರಸ್ತೆಗೆ ಹಾಸುತ್ತಾರೆ, ಹೋಗುವ ಬರುವ ಗಾಡಿಗಳ ಗಾಲಿ ಅದನ್ನು ಒಕ್ಕಿ ಕೊಡುತ್ತದೆ. ಅದಕ್ಕೆ ರಾಶಿ ಎನ್ನುತ್ತೇವೆ. ರಾಶಿಯನ್ನು ಬಳಸಿಕೊಂಡು ಪಕ್ಕಕ್ಕೆ ಹೋಗುವ ಡ್ರೈವರನಿಗೆ ಮರ್ಯಾದೆ ಇಲ್ಲ. ಮೇಲೆಯೇ ಹಾಯಿಸಬೇಕು, ಒಂದು ಕೈ ನೆರವಾದಂತೆ. ನನ್ನ ಶಿಷ್ಯರಿಗೂ ಹಾಗೇ ಕಲಿಸಿದ್ದೇನೆ. ಬಂಡೆ ಬಿದ್ದಿದ್ದರೆ, ಎಮ್ಮೆ ನಿಂತಿದ್ದರೆ ಬಾವುಟ ಎತ್ತುತ್ತಿದ್ದೆ. ಹುರುಳಿ ನನ್ನ ಕಣ್ಣಿಗೆ ಅಡ್ಡಿ ಎಂದು ಕಾಣಲೇ ಇಲ್ಲ. ಗಾಲಿ ಜಾರೀತೇ ಎಂದು ಮಾತ್ರ ನೋಡಿದೆ. ತಿರುವಿನಲ್ಲಿ ಹಾಸಿಲ್ಲ, ನೇರ ರಸ್ತೆಯಲ್ಲಿದೆ, ಜಾರುವುದಿಲ್ಲ ಎಂದು ಲೆಕ್ಕ ಹಾಕಿ, "ಕಾರ್ ಬಂದಾಗ ನನ್ನ ಬಾಜೂಕ ನಿಂದ್ರಬೇಕು ನೋಡು" ಎಂದಷ್ಟೇ ಹೇಳಿದೆ.

ಮೊದಲ ಎರಡು ಕಾರು ಹೋದವು. ಕಾಯಿ ಚಟಚಟ ಒಡೆದವು. ಮುದುಕಿ ಕೋಲಿನಿಂದ ಬಳ್ಳಿ ತಿರುವಿ ಹಾಕಿದಳು, ಕೆಳಗೆ ಉದುರಿದ ಕಾಳು ತೋರಿಸಿ, "ನಿಮ್ಮ ಗಾಡಿ ಭಾಳ ಜೋರ ಅದಾವ, ಮಧ್ಯಾಹ್ನದಾಗ ಮುಗಿತೈತಿ" ಎಂದಳು. ಅವೆರಡೂ ಎತ್ತರದ ಕಾರುಗಳು, ಬಳ್ಳಿ ಅವುಗಳ ಹೊಟ್ಟೆಗೆ ತಾಗಲಿಲ್ಲ. ಅದು ನನ್ನ ತಲೆಗೆ ಹೊಳೆಯಲಿಲ್ಲ.

ಮೂರನೆಯವನು ತಮ್ಮ. ಅವನ ಕಾರಿನ ಸದ್ದು ಕೆಳಗಿನ ತಿರುವಿನಲ್ಲೇ ಎದೆಗೆ ಬಡಿಯುತ್ತಿತ್ತು. ಬಂದ, ತಿರುಗಿದ, ಹುರುಳಿಯ ಮೇಲೆ ಹಾಯ್ದು ಹೋದ. ತುದಿ ಮುಟ್ಟಿ ನಿಧಾನಕ್ಕೆ ಇಳಿದು ಬರುವಾಗ ಮತ್ತೆ ಅದರ ಮೇಲೆಯೇ ಬಂದು ನನ್ನ ಹತ್ತಿರ ನಿಲ್ಲಿಸಿದ. ಕಾರಿನ ಕೆಳಗೆ ಬಳ್ಳಿ ಜೋತಾಡುತ್ತಿದ್ದವು.

"ಎಷ್ಟನೇದವ ಅಕ್ಕಾ ನಾ?" ಎಂದು ಕೇಳಿದ.

"ಇಲ್ಲೀತನಕ ಮೊದಲನೇದವ ಅಂತ. ಈಗ ಫೋನ್ ಬಂದಿತ್ತು. ಇನ್ನೊಂದು ಸಲ ಹಿಂಗ ಬಾ, ಸಾಕು," ಎಂದೆ. "ನೋಡಲ್ಲಿ, ನಿನಗ ಬಾಲ ಬಂದೈತಿ." ಕಾಲಿಂದ ಒಂದೆರಡು ಬಳ್ಳಿ ಎಳೆದು ತೆಗೆದೆ. ಒಳಗೆ ಕೊಳವೆಗೆ ಎಷ್ಟು ಸುತ್ತಿಕೊಂಡಿದೆ ಎಂದು ಬಗ್ಗಿ ನೋಡಲಿಲ್ಲ. ಬಗ್ಗಲು ಎಷ್ಟು ಹೊತ್ತು ಬೇಕು. ಅವನು ನಗುತ್ತ ಕೆಳಗಿಳಿದ. ಆ ನಗೆಯನ್ನು ನಾನು ಬಹಳ ಸಲ ನೆನೆಸಿಕೊಳ್ಳುತ್ತೇನೆ.

ಎರಡನೆಯ ಓಟದ ಹೊತ್ತಿಗೆ ಬಿಸಿಲು ಏರಿತ್ತು. ತಮ್ಮನ ಕಾರಿನ ಸದ್ದು ಮೊದಲಿನ ಹಾಗೆಯೇ ಬಂತು, ಮೊದಲನೆಯ ತಿರುವು, ಎರಡನೆಯದು. ನನ್ನ ಮುಂದೆ ಬರುವಾಗ ಒಂದು ಗಳಿಗೆ ಸದ್ದು ಇಳಿದಂತಾಯಿತು, ಮತ್ತೆ ಏರಿತು. ಹುರುಳಿಯ ಮೇಲೆ ಹಾಯ್ದ. ಅವನು ಹೋದ ಮೇಲೆ ಒಂದು ವಾಸನೆ ಉಳಿಯಿತು, ಒಗ್ಗರಣೆಗೆ ಹಾಕಿದ ಕಾಳು ಸೀದಂತೆ. ಮುದುಕಿ ಮೂಗು ಎಳೆದುಕೊಂಡು ನನ್ನ ಕಡೆ ನೋಡಿದಳು. ನಾನು ತಿರುಗುವಷ್ಟರಲ್ಲಿ ಕಾರು ನೂರು ಹೆಜ್ಜೆ ಆಚೆ ನಿಂತಿತ್ತು, ಅದರ ಹೊಟ್ಟೆಯ ಕೆಳಗಿನಿಂದ ಬೆಂಕಿ ಎರಡೂ ಕಡೆ ನಾಲಗೆ ಚಾಚಿತ್ತು.

ಸಿಲಿಂಡರು ಹಿಡಿದು ಓಡಿದೆ. ನೆಲದ ರಬ್ಬರು ಕಿತ್ತಿದ್ದರಿಂದ ತಗಡು ಕಾದು, ವೈರುಗಳು ಹತ್ತಿ, ಬೆಂಕಿ ಆಗಲೇ ಅವನ ಕಾಲ ಹತ್ತಿರ ಬಂದಿತ್ತು. ಬೆಲ್ಟು ಬಿಚ್ಚುವ ಕೀಲು ತೊಡೆಗಳ ನಡುವೆ, ಬೆಂಕಿಯ ಬಾಯಲ್ಲಿ. ಅವನು ಬರಿಗೈಯನ್ನು ಅಲ್ಲಿಗೆ ಇಳಿಸಿ ಹುಡುಕುತ್ತಿದ್ದ, ಕೈ ಹಿಂದೆ ತೆಗೆಯುತ್ತಿದ್ದ, ಮತ್ತೆ ಇಳಿಸುತ್ತಿದ್ದ. ಕೂಗಲಿಲ್ಲ. ನನ್ನ ಸಿಲಿಂಡರಿನ ಪುಡಿ ನಾಲ್ಕು ಉಸಿರಿಗೆ ಮುಗಿದು ಹೋಯಿತು. ಮುದುಕಿ ಹಿಂದೆಯೇ ಓಡಿ ಬಂದು, ಕುಡಿಯಲು ತಂದಿದ್ದ ಕೊಡದ ನೀರನ್ನು ಅವನ ತೊಡೆಯ ಮೇಲೆ ಸುರಿದಳು. ಆಗ ಕೀಲು ಬಿಚ್ಚಿತು. ಇಬ್ಬರೂ ಸೇರಿ ಅವನನ್ನು ಎಳೆದು ಹಾಕಿದೆವು. ಕಾರು ಪೂರ್ತಿ ಉರಿದು, ಕಿಡಿ ಹಾರಿ, ಹಾಸಿದ ಹುರುಳಿಗೂ ಬೆಂಕಿ ಹತ್ತಿತು. ಮುದುಕಿ ಆ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ತಮ್ಮನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಜೀವಕ್ಕೆ ಭಯವಿಲ್ಲ ಎಂದರು. ಕಾಲು ಒಂದು ತಿಂಗಳಲ್ಲಿ ಮಾಯ್ದವು. ಕೈ ಮಾಯಲಿಲ್ಲ. ಬಲಗೈಯ ಬೆರಳು ಒಂದಕ್ಕೊಂದು ಕೂಡಿಕೊಂಡವು, ಎಡಗೈಯಲ್ಲಿ ಎರಡು ಬೆರಳು ಮಾತ್ರ ಮಡಚುತ್ತವೆ. ಇತ್ತ ಕ್ಲಬ್ಬಿನವರು ಎಲ್ಲ ತಪ್ಪನ್ನೂ ಮುದುಕಿಯ ತಲೆಗೆ ಕಟ್ಟಿದ್ದರು. ಡಂಗುರ ಸಾರಿದ ಮೇಲೂ ಕದ್ದು ಬಂದು ಹಾಸಿದಳು ಎಂದು ಸಾಹುಕಾರರು ಪೊಲೀಸರಿಗೆ ಹೇಳಿದರು. ನನ್ನನ್ನು ಕೇಳಿದಾಗ ನಾನು, "ನಾ ನೋಡಿದ್ದಿಲ್ಲರಿ" ಎಂದೆ. ಎರಡು ಸಲ ಕೇಳಿದರು, ಎರಡು ಸಲವೂ ಅದನ್ನೇ ಹೇಳಿದೆ. ಊರಿಗೆಲ್ಲ ಬಯ್ಯುವ ಬಾಯಿಗೆ ಒಂದು ನಿಜ ಹೇಳಲು ಆಗಲಿಲ್ಲ. ನಾಚಿಕೆಯಿಂದ ಸಾಯಬೇಕು ಅನಿಸುತ್ತದೆ, ಸಾಯುವುದಿಲ್ಲ, ಮರುದಿನ ಎದ್ದು ಯಾರಿಗೋ ಕ್ಲಚ್ಚು ಕಲಿಸುತ್ತೇನೆ.

ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವನನ್ನು ನೋಡಲು ಹೋದೆ. ಹೆಂಡತಿ ಅವನ ಮುಂದೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಆ ದಿನ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲು ಅವನೇ ಮಾತಾಡಿದ.

"ಅಕ್ಕಾ, ಆ ಎರಡನೇ ಸಲ ನಿನ್ನ ತಿರುವಿಗಿ ಬರೋಕಿಂತ ಮೊದಲ ನನಗ ಸುಟ್ಟ ವಾಸನಿ ಬಂದಿತ್ತು. ನಿಂದ್ರಸಬೇಕಂತ ಕಾಲು ತೆಗದೆ," ಎಂದ. "ನಿನ್ನ ಕಡಿ ನೋಡಿದೆ. ನೀ ಬಾವುಟ ಇಳಿಬಿಟ್ಟು ಸುಮ್ಮನ ನಿಂತಿದ್ದಿ. ಅಕ್ಕ ನೋಡಾಕತ್ತಾಳ, ಏನಾರ ಇದ್ದಿದ್ರ ಆಕಿ ನಿಂದ್ರಸ್ತಿದ್ಲು ಅಂದ್ಕೊಂಡು, ಮತ್ತ ಒತ್ತಿದೆ."

ಅವನು ದೂರಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೇ. ಅವನ ಹೆಂಡತಿ ರೊಟ್ಟಿ ಮುರಿದು ಪಲ್ಯ ಅದ್ದಿದ ತುತ್ತನ್ನು ಕೈಯಲ್ಲಿ ಹಿಡಿದಿದ್ದಳು. ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಅವನ ಕಡೆ ತಿರುಗಿ, ತುತ್ತನ್ನು ಅವನ ಬಾಯಿಗೆ ಇಟ್ಟಳು.