ಅಟ್ಟದ ಮೇಲಿನ ಮಾತ್ರೆಗಳು

ನನ್ನ ಗಂಡನಿಗೆ ಗಂಟಲಿನ ಕ್ಯಾನ್ಸರ್ ಬಂದಾಗ ಚಿಕಿತ್ಸೆಯನ್ನು ಮನೆಯಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ವಿಕಿರಣ ಕ್ಯಾನ್ಸರ್ ಕೋಶದ ಡಿಎನ್‌ಎ ಎಳೆಯನ್ನು ಕತ್ತರಿಸುತ್ತದೆ, ಕೋಶ ಅದನ್ನು ಮತ್ತೆ ಹೊಲಿದುಕೊಳ್ಳುತ್ತದೆ, ಈ ಹೊಸ ಮಾತ್ರೆ ಆ ರಿಪೇರಿಯನ್ನು ತಡೆಯುತ್ತದೆ ಎಂದು ಅತ್ತೆಗೆ ಪಾಠ ಮಾಡಿದೆ. ಮಾತ್ರೆ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಕೆಲವರಿಗೆ ಔಷಧವೇ ಇಲ್ಲದ ಖಾಲಿ ಮಾತ್ರೆ ಕೊಡುತ್ತಾರೆ, ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಅದು ಆಕೆಯ ತಲೆಗೆ ಹತ್ತುವುದಿಲ್ಲ ಎಂದುಕೊಂಡೆ.

ಆಸ್ಪತ್ರೆಗೆ ಹೋಗುವ ಬಸ್ಸಿಗೆ ನಾನು ಸಿದ್ಧಳಾಗುವಷ್ಟರಲ್ಲಿ ಮಾತ್ರೆಯನ್ನು ನೀರಿನಲ್ಲಿ ಕದಡಿ ಕುಡಿಸುವುದು ಅತ್ತೆಯ ಕೆಲಸ. ವಿಕಿರಣದ ಮೂರನೇ ವಾರಕ್ಕೆ ಅವನ ಕುತ್ತಿಗೆ ಸುಟ್ಟು ಕಪ್ಪಾಯಿತು, ಬಾಯಿ ತುಂಬ ಹುಣ್ಣು. ಮಾಯುವುದನ್ನು ತಡೆಯುವ ಮಾತ್ರೆ ತಾನೇ ಅದು ಎಂದು ಅತ್ತೆ ಒಂದು ದಿನ ಕೇಳಿದರು. ಹೌದು, ಅದೇ ಅದರ ಕೆಲಸ ಎಂದೆ, ಜಡೆ ಹೆಣೆಯುತ್ತ, ತಿರುಗಿ ಕೂಡ ನೋಡದೆ.

ಅವನು ತೀರಿಕೊಂಡ ಮೇಲೆ ಕೊಬ್ಬರಿ ಇಳಿಸುವ ಕಾಲ ಬಂತು. ಅಟ್ಟಕ್ಕೆ ಹಾಕಿದ ಕಾಯಿ ಒಳಗೇ ಒಣಗಿ ಲೊಡಗುಟ್ಟುವವರೆಗೆ, ಹೆಚ್ಚುಕಮ್ಮಿ ಒಂದು ವರ್ಷ, ನಮ್ಮ ಕಡೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಾಯಿಗಳ ಸಂದಿಯಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಅವೇ ಮಾತ್ರೆಗಳು.

"ಮಗ ಬೇಯ್ತಿದ್ದ ಕಣವ್ವ. ಮಾಯೋದ ತಡೆಯೋ ಮಾತ್ರೇನ ಹೆತ್ತೋಳು ಹೆಂಗ್ ಕೊಡ್ಲಿ? ಬರೀ ಜೇನುನೀರು ಕುಡಿಸ್ದೆ," ಎಂದರು ಅತ್ತೆ.

"ನಿಮ್ ಮಗನ್ನ ನೀವೇ ಕೊಂದ್ರಿ," ಎಂದೆ. ಕಾಯಿ ಸುಲಿಯುವವರ ಎದುರಿಗೇ ಎಂದೆ. ಹಾಗೆಂದ ಮೇಲೆ ಎದೆ ಹಗುರಾಯಿತು, ಸುಳ್ಳು ಹೇಳಲಾರೆ.

ಅಂದಿನಿಂದ ಅತ್ತೆ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ, ಅದೂ ಒಂದು ಹಿಡಿ ಅನ್ನ. ನಾನು ಒತ್ತಾಯ ಮಾಡುವುದಿಲ್ಲ.

ಕಳೆದ ತಿಂಗಳು ಆಸ್ಪತ್ರೆಯಿಂದ ಫೋನ್ ಬಂತು. ಪರೀಕ್ಷೆ ಮುಗಿದಿದೆ, ಯಾರಿಗೆ ಏನು ಕೊಟ್ಟಿದ್ದೆವೆಂದು ಈಗ ತಿಳಿಸಬಹುದು ಎಂದರು. ನನ್ನ ಗಂಡನಿಗೆ ಕೊಟ್ಟದ್ದು ಖಾಲಿ ಮಾತ್ರೆ. ಕುಡಿದಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ.

ಫೋನ್ ಇಟ್ಟಾಗ ಅತ್ತೆ ಎದುರಿಗೇ ಕೂತಿದ್ದರು. ಯಾರದೆಂದು ಕೇಳಿದರು. ಸ್ಕೂಲಿನವರದು ಎಂದೆ.

ನಿಜ ಹೇಳಿದ್ದರೆ ಆಕೆ ಅವತ್ತೇ ಹೊಟ್ಟೆ ತುಂಬ ಉಣ್ಣುತ್ತಿದ್ದರು. ನನಗೆ ಅದು ಬೇಕಿರಲಿಲ್ಲ.