ಹೇಳದೆ ಹೊರಟ ಮನೆ

ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ವೋಟರ್ ಐಡಿ ಇದ್ದರೆ ಸಾಕು ಎಂದು ಗೊತ್ತಾದ ದಿನವೇ ನಮ್ಮ ವಿದೇಶ ಪ್ರವಾಸದ ಅರ್ಧ ಮರ್ಯಾದೆ ಮುಳಬಾಗಿಲಿನಲ್ಲಿ ಹೋಯಿತು. "ಓಟಾಕಕ್ಕೂ ಅದೇ, ಫಾರಿನ್‌ಗೂ ಅದೇನಾ ಮೇಡಂ? ಹಂಗಾದ್ರೆ ನಾನೂ ಬರ್ತೀನಿ ನಡೀರಿ" ಎಂದು ಬಸ್‌ಸ್ಟ್ಯಾಂಡಿನ ಹೂವಿನವಳು ಮೊಳ ಹಾಕುತ್ತಲೇ ನಕ್ಕಳು. ವಿಮಾನವೂ ಇಲ್ಲ, ರೈಲಿನಲ್ಲಿ ಗೋರಖ್‌ಪುರದವರೆಗೆ ಹೋಗಿ ಅಲ್ಲಿಂದ ಬಸ್ಸು ಎಂದು ಹೇಳಿದ ಮೇಲೆ ಉಳಿದರ್ಧವೂ ಹೋಯಿತು.

ನಾನು ಡಿಗ್ರಿ ಹುಡುಗಿಯರಿಗೆ ಭೂಗೋಳ ಪಾಠ ಮಾಡುವವಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಗಂಡ ಹೇಳುತ್ತಾರೆ, ಕಾಲೇಜಿನಲ್ಲಿ ಹುಡುಗಿಯರು ನನ್ನ ಬೆನ್ನ ಹಿಂದೆ ಹೇಳುತ್ತಾರೆ. ಸೀಮೆಸುಣ್ಣದಲ್ಲಿ ಹಿಮಾಲಯ ಬರೆಯುವುದು, ಗಂಟೆ ಹೊಡೆದ ಮೇಲೆ ಅದನ್ನು ಡಸ್ಟರಿನಲ್ಲಿ ಒರೆಸುವುದು, ಇದನ್ನೇ ಎಷ್ಟು ವರ್ಷ ಮಾಡುವುದು? ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕೊನೆಯ ವರ್ಷದ ಹುಡುಗಿಯರನ್ನು ಕಟ್ಟಿಕೊಂಡು ನೇಪಾಳದ ಒಂದು ಬೆಟ್ಟದ ಹಳ್ಳಿಗೆ ಹೊರಟೇಬಿಟ್ಟೆ. ಹುಡುಗರನ್ನೂ ಕೇಳಿದ್ದೆ. ಗೋವಾ ಆದರೆ ಬರುತ್ತೇವೆ ಎಂದರು. ಕುರುಡುಮಲೆ ಗಣಪನಿಗೆ ಕಾಯಿ ಒಡೆಸಿ, ಚಟ್ನಿಪುಡಿ ಉಪ್ಪಿನಕಾಯಿ ಕಟ್ಟಿಕೊಂಡು ರೈಲು ಹತ್ತಿದೆವು. ಮಾಲೂರಿನಿಂದ ದಿನವೂ ರೈಲಿನಲ್ಲಿ ಓಡಾಡಿ ಅಭ್ಯಾಸವಿದ್ದ ಇಬ್ಬರು, ಗಾಡಿ ಅಲುಗಾಡಿದ ಕೂಡಲೇ ನಿದ್ದೆ ಹೋದರು. ಉಳಿದವರು ನಾಗಪುರದವರೆಗೂ ಕಿಟಕಿ ಬಿಡಲಿಲ್ಲ.

ಗುಂಪಿನಲ್ಲಿ ಬೈರಕೂರಿನ ಕಡೆಯ ಹುಡುಗಿ ಒಬ್ಬಳಿದ್ದಳು. ತಾಯಿ ಇಲ್ಲ, ಅಜ್ಜಿ ಸಾಕಿದ್ದು. ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಎರಡರಲ್ಲೂ ಮಾತು ಕಡಿಮೆ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರವನ್ನು ಡೆಸ್ಕಿಗೆ ಹೇಳುತ್ತಿದ್ದಳೇ ಹೊರತು ನನಗಲ್ಲ. ಇದರ ಮೇಲೆ ಬೆಕ್ಕು ಅಡ್ಡ ಬಂದರೆ ನಿಲ್ಲುವುದು, ಯಾರಾದರೂ ಸೀನಿದರೆ ಕೂರುವುದು. "ಡಿಗ್ರಿ ಓದಿ ಏನು ಬಂತೇ ನಿನಗೆ?" ಎಂದು ಗದರಿದರೆ, "ನಮ್ಮವ್ವ ಹೇಳವ್ಳೆ ಮೇಡಂ" ಎನ್ನುತ್ತಿದ್ದಳು. ಅವಳ ಮನೆಮಾತಿನಲ್ಲಿ ಅವ್ವ ಎಂದರೆ ಅಜ್ಜಿ. ಅವ್ವ ಹೇಳಿದ ಮೇಲೆ ಮುಗಿಯಿತು, ಅಲ್ಲಿ ನನ್ನ ಭೂಗೋಳ ನಡೆಯುವುದಿಲ್ಲ.

ನಾವು ಹೊರಟಿದ್ದ ಹಳ್ಳಿಗೆ ಬಸ್ಸಿಳಿದು ಜೀಪು ಹತ್ತಬೇಕು, ಆ ಜೀಪೂ ಬೆಟ್ಟದ ಕೆಳಗೇ ನಿಂತುಬಿಡುತ್ತದೆ. ಅಲ್ಲಿಂದ ಊರಿಗೆ ಕಲ್ಲಿನ ಮೆಟ್ಟಿಲು. ಮೇಲೆ ಹೋಗಿ ಮುಟ್ಟುವಷ್ಟರಲ್ಲಿ ನನ್ನ ಕೋಪವೂ ಉಸಿರೂ ಎರಡೂ ಖಾಲಿಯಾಗಿದ್ದವು. ಆ ಊರಿನಲ್ಲಿ ಬಂದ ಅತಿಥಿಗಳನ್ನು ಸರದಿಯ ಮೇಲೆ ಮನೆಗಳಿಗೆ ಹಂಚುತ್ತಾರೆ. ದೊಡ್ಡ ಮನೆ, ಚಿಕ್ಕ ಮನೆ ಎಂಬ ಲೆಕ್ಕವಿಲ್ಲ. ಯಾರ ಸರದಿಯೋ ಅವರ ಮನೆಗೆ. ಇದನ್ನೆಲ್ಲ ನೋಡಿಕೊಳ್ಳುವುದು ಊರಿನ ಹೆಂಗಸರ ಸಂಘ. ಅದರ ಮುಖಂಡೆ ಹಿಂದಿ ಬಲ್ಲವಳು, ನನ್ನಷ್ಟೇ ಜೋರಿನವಳು. ನೋಡಿದ ಕೂಡಲೇ ನನಗೆ ಇಷ್ಟವಾದಳು. ನನ್ನನ್ನೂ ಬೈರಕೂರಿನ ಹುಡುಗಿಯನ್ನೂ ಇನ್ನಿಬ್ಬರನ್ನೂ ಊರಿನ ಮೇಲ್ತುದಿಯ ಮನೆಗೆ ಕಳಿಸಿದಳು. ಅಲ್ಲಿ ಒಬ್ಬ ಗೃಹಿಣಿ, ಜೀಪು ಓಡಿಸುವ ಅವಳ ಗಂಡ, ಅಂಗನವಾಡಿಗೆ ಹೋಗುವ ವಯಸ್ಸಿನ ಮಗಳು, ಮತ್ತು ಹಣ್ಣು ಹಣ್ಣಾದ ಅತ್ತೆ.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹಿಮದ ಬೆಟ್ಟ ಎದುರಿಗೇ ಇತ್ತು. ಬಿಸಿಲು ಮೊದಲು ಅದರ ನೆತ್ತಿಗೆ ಬಿದ್ದು, ನಿಧಾನವಾಗಿ ಕೆಳಗಿಳಿದು, ಕೊನೆಗೆ ನಮ್ಮ ಅಂಗಳಕ್ಕೆ ಬಂತು. ನಾನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಪಕ್ಕದಲ್ಲಿ ಹುಡುಗಿಯರು ಫೋಟೋ ತೆಗೆಯುವುದನ್ನೂ ಮರೆತಿದ್ದರು ಎಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ಆದರೆ ನಮ್ಮವರನ್ನು ನಿಜಕ್ಕೂ ಗೆದ್ದದ್ದು ಬೆಟ್ಟವಲ್ಲ, ಆ ಮನೆಯ ಒಲೆ. ಮೊದಲ ದಿನ ಸಂಜೆ ಮುದುಕಿ ಪಾತ್ರೆಯಲ್ಲಿ ನೀರು ಕುದಿಸಿ, ಅದಕ್ಕೆ ಕಂದು ಹಿಟ್ಟು ಸುರಿದು, ಮರದ ಸಟ್ಟುಗದಲ್ಲಿ ತಿರುವತೊಡಗಿದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಒಬ್ಬಳು ನನ್ನ ಸೊಂಟ ತಿವಿದಳು: "ಮೇಡಂ, ಮುದ್ದೆ ಕಣ್ರೀ." ರಾಗಿಯೇ. ಇಡೀ ಉತ್ತರ ಭಾರತ ದಾಟುವಾಗ ಚಪಾತಿ ತಿಂದು ತಿಂದು ಮುಖ ಬಾಡಿದ್ದ ಹುಡುಗಿಯರಿಗೆ ಜೀವ ಬಂತು. ಮುದುಕಿಯ ಕೈ ಸೋತದ್ದನ್ನು ಕಂಡು ಬೈರಕೂರಿನವಳು ಎದ್ದು ಹೋಗಿ, ಪಾತ್ರೆಯನ್ನು ಪಾದದಲ್ಲಿ ಅದುಮಿಕೊಂಡು, ಗಂಟಿಲ್ಲದಂತೆ ತಿರುವಿಕೊಟ್ಟಳು. ಊಟಕ್ಕೆ ಕೂತಾಗ ಮುದುಕಿ ಅವಳನ್ನೇ ನೋಡುತ್ತಿದ್ದಳು. ಹುಡುಗಿ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ಗುಳುಕ್ಕನೆ ನುಂಗಿದಳು. ಅವರಲ್ಲೂ ಅದನ್ನು ಅಗಿಯುವುದಿಲ್ಲವಂತೆ. ಹಲ್ಲಿಲ್ಲದ ಬಾಯಲ್ಲಿ ಮುದುಕಿ ನಕ್ಕ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಆ ಇಬ್ಬರನ್ನು ಬಿಡಿಸಲಾಗಲಿಲ್ಲ. ಉಳಿದವರು ಬೆಟ್ಟ ಹತ್ತಲು ಹೋದರೆ ಇವಳು ಅಂಗಳದಲ್ಲಿ ಮುದುಕಿಯ ಜೊತೆ ರಾಗಿ ಕೇರುತ್ತಿದ್ದಳು. ಅವಳು ಇವಳಿಗೆ ನೇಪಾಳಿಯಲ್ಲಿ ಹೇಳುವುದು, ಇವಳು ಅವಳಿಗೆ ತೆಲುಗಿನಲ್ಲಿ ಹೇಳುವುದು. ಇಬ್ಬರಿಗೂ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೂ ಮಾತು ನಿಲ್ಲುತ್ತಿರಲಿಲ್ಲ. ಮೂರು ವರ್ಷ ನನ್ನ ತರಗತಿಯಲ್ಲಿ ಆಡದಷ್ಟು ಮಾತನ್ನು ಈ ಹುಡುಗಿ ಅಲ್ಲಿ ಆಡಿದಳು. ಅವಳು ಮುದುಕಿಯನ್ನು ಅವ್ವ ಎಂದು ಕರೆಯುವುದನ್ನು ಕೇಳಿ ಮನೆಯ ಚಿಕ್ಕ ಮಗುವೂ ತನ್ನ ಅಜ್ಜಿಯನ್ನು ಅವ್ವ ಎನ್ನತೊಡಗಿತು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ನಾವು ಹೊರಡಲು ಇನ್ನೆರಡು ದಿನವಿದ್ದಾಗ ಮುದುಕಿ ತೀರಿಕೊಂಡಳು. ಬೆಳಗಿನ ಬಿಸಿಲಿಗೆ ಗೋಡೆಗೊರಗಿ, ತೊಡೆಯ ಮೇಲೆ ರಾಗಿಯ ಮೊರ ಇಟ್ಟುಕೊಂಡು ಕೂತವಳು ಹಾಗೆಯೇ ಹೋಗಿದ್ದಳು. ಬಿಸಿನೀರು ಕೊಡಲು ಹೋದ ಬೈರಕೂರಿನ ಹುಡುಗಿಗೆ ಮೊದಲು ಗೊತ್ತಾದದ್ದು. ನಾನು ಅಂಗಳದ ಆಚೆ ಬದಿಯಲ್ಲಿ ತಲೆ ಬಾಚುತ್ತಿದ್ದೆ. ಅವಳು ಕಿರುಚಲಿಲ್ಲ. ಲೋಟ ಕೆಳಗಿಟ್ಟಳು. "ಅವ್ವಾ" ಎಂದು ಒಮ್ಮೆ ಕರೆದಳು. ಆಮೇಲೆ ಒಂದು ಕಾಳೂ ಚೆಲ್ಲದಂತೆ ಮೊರವನ್ನು ತೊಡೆಯಿಂದ ಎತ್ತಿ ಪಕ್ಕಕ್ಕಿಟ್ಟು, ಸೊಸೆಯನ್ನು ಕರೆಯಲು ಒಳಗೆ ಹೋದಳು. ನಾನಾಗಿದ್ದರೆ ಊರು ಒಂದು ಮಾಡುತ್ತಿದ್ದೆ.

ಆ ಊರು ಆ ದಿನ ನಡೆದುಕೊಂಡ ರೀತಿಗೆ ನಾನು ಕೈ ಮುಗಿಯುತ್ತೇನೆ. ಯಾರೂ ಯಾರನ್ನೂ ಕರೆಯಲಿಲ್ಲ. ಪ್ರತಿ ಮನೆಯಿಂದ ಒಂದು ಹೊರೆ ಸೌದೆ ಬಂತು, ಹಣೆಗೆ ಪಟ್ಟಿ ಕಟ್ಟಿ ಬೆನ್ನ ಬುಟ್ಟಿಯಲ್ಲಿ ಹೊತ್ತು ತಂದು ಇಳಿಸಿ ಹೋದರು. ನಮ್ಮ ಹುಡುಗಿಯರೂ ಹೇಳಿಸಿಕೊಳ್ಳದೆ ಆ ಸಾಲಿನಲ್ಲಿ ಸೇರಿಕೊಂಡರು. ಸಾವಿನ ಮನೆಗೆ ಕೈಲಾದ್ದು ಹೊರುವುದು ಅವರಿಗೂ ಹುಟ್ಟಿನಿಂದ ಗೊತ್ತಿದ್ದದ್ದೇ. ಸಂಸ್ಕಾರವಾದ ಮೇಲೆ ಗಂಡ ಹೆಂಡತಿ ಬಿಳಿ ಉಟ್ಟು ಸೂತಕಕ್ಕೆ ಕೂತರು. ಅವರನ್ನು ಯಾರೂ ಮುಟ್ಟುವಂತಿಲ್ಲ. ನಮ್ಮನ್ನು ಪಕ್ಕದ ಮನೆಗೆ ಕಳಿಸಿದರು.

ಹೊರಡುವ ದಿನ ಬಂತು. ಹಿಂದಿನ ಸಂಜೆಯೇ ಬೈರಕೂರಿನವಳು ಎಲ್ಲರಿಗೂ ಹೇಳಿದ್ದಳು: "ನೋಡ್ರೇ, ಆ ಮನೆ ಮುಂದೆ ಹೋಗೋವಾಗ ಯಾರೂ ಬಾಯ್ ಬಿಡ್ಬೇಡಿ. ತಿರುಗ್ ನೋಡ್ಬೇಡಿ." ಹೇಳುವ ಅಗತ್ಯವೇ ಇರಲಿಲ್ಲ. ಬೇರೆ ಯಾವ ಮನೆಯಿಂದ ಹೊರಟರೂ ನಾವು ಬರ್ತೀನಿ ಎಂದು ಹೇಳಿಯೇ ಹೊರಡುವುದು. ಸಾವಿನ ಮನೆಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಬರ್ತೀನಿ ಎಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದು ಹೇಳಿದಂತೆ. ಅದಕ್ಕೇ ಹೇಳದೆ ಕೇಳದೆ ಎದ್ದು ಹೋಗಬೇಕು, ಅದೇ ಆ ಮನೆಗೆ ನಾವು ಮಾಡುವ ಒಳ್ಳೆಯದು. ಮೂಢನಂಬಿಕೆ ಎಂದು ಎಲ್ಲರನ್ನೂ ಬಯ್ಯುವ ನಾನೂ ಈ ಒಂದು ವಿಷಯಕ್ಕೆ ಬಾಯಿ ಮುಚ್ಚಿಕೊಂಡೇ ಇರುತ್ತೇನೆ.

ದಾರಿ ಅದೇ ಅಂಗಳದ ಪಕ್ಕದಲ್ಲಿ ಇಳಿಯುತ್ತಿತ್ತು. ಆ ಗೃಹಿಣಿ ಬಿಳಿ ಸೀರೆಯಲ್ಲಿ ಅಂಗಳದ ಅಂಚಿಗೆ ಬಂದು ನಿಂತಿದ್ದಳು. ನಾವು ತಲೆ ತಗ್ಗಿಸಿಕೊಂಡು, ಒಬ್ಬರ ಹಿಂದೆ ಒಬ್ಬರು, ಅವಳ ಮುಖವನ್ನೂ ನೋಡದೆ ಇಳಿದುಬಿಟ್ಟೆವು. ಎಷ್ಟು ಅಚ್ಚುಕಟ್ಟಾಗಿ ನಡೆದುಕೊಂಡರು ನಮ್ಮ ಹುಡುಗಿಯರು ಎಂದು ನನಗೆ ಹೆಮ್ಮೆಯೂ ಆಯಿತು.

ಕೆಳಗಿನ ನಲ್ಲಿಯ ಹತ್ತಿರ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದಾಗ ಸಂಘದ ಮುಖಂಡೆ ದಡದಡನೆ ಇಳಿದು ಬಂದಳು. ಮುಖ ಕೆಂಪಾಗಿತ್ತು. "ಆ ಮನೆಯಿಂದ ನಿಮಗೇನು ತಪ್ಪಾಯಿತು?" ಎಂದು ಹಿಂದಿಯಲ್ಲಿ ಕೇಳಿದಳು. ಯಾವ ತಪ್ಪು ಎಂದು ನಾನು ಕೇಳಿದ ಮೇಲೆ ಬಿಡಿಸಿ ಹೇಳಿದಳು. ಅವರಲ್ಲಿ ಅತಿಥಿ ಅಂಗಳದಲ್ಲಿ ನಿಂತು, ಮನೆಯಾಕೆಯ ಜೊತೆ ನಾಲ್ಕು ಮಾತಾಡಿ, ಮತ್ತೆ ಬರುತ್ತೇನೆ ಎಂದು ಹೇಳಿಯೇ ಇಳಿಯುವುದು. ಹೇಳದೆ ಹೋದರೆ ಆ ಮನೆಯ ಅನ್ನವನ್ನು ಉಗಿದು ಹೋದಂತೆ. "ಅವಳು ಅಂಗಳದಲ್ಲೇ ಕುಸಿದು ಕೂತಿದ್ದಾಳೆ. ಅತಿಥಿ ಇದ್ದಾಗಲೇ ಸಾವಾಯಿತು, ಅದಕ್ಕೆ ನನ್ನ ಮನೆ ಅವರಿಗೆ ಹೇಸಿಗೆಯಾಯಿತು ಅಂತಿದ್ದಾಳೆ. ಅತ್ತೆಯ ಕೈಯಲ್ಲಿ ಕೊನೆಗೆ ಉಂಡವರು ನೀವು. ನೀವೇ ಮುಖ ತಿರುಗಿಸಿಕೊಂಡು ಹೋದರೆ ಅವಳು ಏನು ಅಂದುಕೊಳ್ಳಬೇಕು?"

ನಾನು ನನ್ನ ಹರಕು ಹಿಂದಿಯಲ್ಲಿ ನಮ್ಮ ಪದ್ಧತಿಯನ್ನೆಲ್ಲ ವಿವರಿಸಿದೆ. ಅವಳ ಕೋಪ ಇಳಿಯಿತು. "ಸರಿ, ನನಗೆ ತಿಳಿಯಿತು. ಆದರೆ ನಾನು ಹೋಗಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾಳೆ. ನೀವೇ ಬಂದು ಹೇಳಿ" ಎಂದಳು.

ನಾನು ಅದನ್ನು ಹುಡುಗಿಯರಿಗೆ ಹೇಳಿದೆ. ಮಾಲೂರಿನವಳೊಬ್ಬಳು, "ವಾಪಸ್ ಹೋಗಿ ಬರ್ತೀನಿ ಅನ್ನೋದಾ ಮೇಡಂ? ಬೇಡ ಮೇಡಂ, ಮಗು ಐತೆ ಆ ಮನೇಲಿ" ಎಂದಳು. ಬೈರಕೂರಿನವಳು ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದಳು. ತಲೆ ಎತ್ತದೆ ಹೇಳಿದಳು: "ನಮ್ ತಾತ ಸತ್ತಾಗ ಯಾರೋ ನೆಂಟ್ರು ಮರೆತು ಬರ್ತೀನಿ ಅಂದ್ಬುಟ್ರಂತೆ. ವರ್ಷದೊಳ್ಗೆ ನಮ್ಮಮ್ಮ ಹೋದ್ಲು. ಅದ್ಕೂ ಅವ್ರೇ ಬಂದಿದ್ರು."

ಕಾಕತಾಳೀಯ ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ನುಂಗಿಕೊಂಡೆ. ಮೇಲೆ ಒಬ್ಬ ಹೆಂಗಸು ನಮ್ಮಿಂದ ಅವಮಾನವಾಯಿತೆಂದು ಕೂತಿದ್ದಳು, ಇಲ್ಲಿ ಈ ಹುಡುಗಿ ಒಂದು ಮಾತಿಗೆ ಹೆದರಿ ಕೂತಿದ್ದಳು. ಯಾರ ಪರವಾಗಿ ಮಾತಾಡಬೇಕೋ ನನಗೆ ತಿಳಿಯಲಿಲ್ಲ. ನಾನೊಬ್ಬಳೇ ಹೋಗಿ ಬರುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಅವಳೇ ಎದ್ದು, ಬ್ಯಾಗನ್ನು ಕಟ್ಟೆಯ ಮೇಲೆ ಬಿಟ್ಟು, ಮೆಟ್ಟಿಲು ಹತ್ತತೊಡಗಿದಳು. ಬಿರುಸಾಗಿ ಅಲ್ಲ. ಯೋಚನೆ ಮಾಡುತ್ತಾ ಹತ್ತುವವರ ಹಾಗೆ ಒಂದೊಂದೇ ಮೆಟ್ಟಿಲು. ನಾವೆಲ್ಲ ಹಿಂದೆ ಹೋದೆವು.

ಆ ಗೃಹಿಣಿ ಅಂಗಳದಲ್ಲೇ ಕೂತಿದ್ದಳು. ನಮ್ಮನ್ನು ಕಂಡು ಎದ್ದಳು. ಮಗು ಅವಳ ಹಿಂದೆ ನಿಂತು ಇಣುಕುತ್ತಿತ್ತು. ಹುಡುಗಿ ಅವಳೆದುರು ನಿಂತಳು. ಸೂತಕದವಳನ್ನು ಮುಟ್ಟುವಂತಿಲ್ಲ, ಕೈ ಹಿಡಿಯುವಂತಿಲ್ಲ. ಡೆಸ್ಕಿಗೆ ಉತ್ತರ ಹೇಳುವ ಹುಡುಗಿ ಅವಳ ಮುಖವನ್ನು ನೇರವಾಗಿ ನೋಡಿ, ಮಗುವಿನ ಕಡೆ ಬೆರಳು ತೋರಿಸಿ, ನಮ್ಮೆಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಈ ಮಗೀನ ಮದ್ವೆಗ್ ಬರ್ತೀನಿ ಅಕ್ಕಾ. ಮದ್ವೆಗೇ ಬರ್ತೀನಿ. ಇನ್ಯಾತಕ್ಕೂ ಬರಲ್ಲ."

ಅಷ್ಟೂ ಮೆಟ್ಟಿಲು ಹತ್ತುವಾಗ ಅವಳು ಹುಡುಕಿದ್ದು ಇದನ್ನೇ. ಆ ಮನೆಗೆ ಬೇಕಾದ ಮಾತನ್ನು ಹೇಳಲೇಬೇಕು, ಆದರೆ ಅದು ಸಾವಿನ ಕೈಗೆ ಸಿಗಬಾರದು. ನಾನು ಅದನ್ನು ಹಿಂದಿಗೆ ಮಾಡಿದೆ, ಯಾಕೆ ಹೇಳದೆ ಹೋದೆವು ಎಂಬುದನ್ನೂ ಸೇರಿಸಿದೆ. ಮುಖಂಡೆ ನೇಪಾಳಿಗೆ ಮಾಡಿದಳು. ಆ ಗೃಹಿಣಿ ಕೇಳಿಸಿಕೊಂಡು ಹುಡುಗಿಯ ಕಡೆ ನೋಡಿದಳು. ಆಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಏನೋ ಹೇಳಿ, ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. ಚಿಕ್ಕ ಮಕ್ಕಳಿಗೆ ಸೂತಕವಿಲ್ಲ. ಮಗು ಓಡಿ ಬಂದು ಹುಡುಗಿಯ ಮೊಣಕಾಲು ಅಪ್ಪಿಕೊಂಡಿತು. ಹುಡುಗಿ ಎತ್ತಿಕೊಂಡಳು.

ಗೃಹಿಣಿ ಏನೋ ಹೇಳಿದಳು. ಮುಖಂಡೆ ನಗುತ್ತಾ ಕಣ್ಣೊರೆಸಿಕೊಂಡಳು.

"ಮದುವೆ ತುಂಬ ದೂರವಾಯಿತು, ಅಷ್ಟು ದಿನ ನನ್ನಿಂದ ಕಾಯಲಾಗುವುದಿಲ್ಲ ಅಂತಿದ್ದಾಳೆ. ಒಂದು ವರ್ಷ ಅವರಿಗೆ ಹಬ್ಬವಿಲ್ಲ. ಅದು ಕಳೆದ ಮೇಲಿನ ದಸರಾಕ್ಕೆ ಬರಬೇಕಂತೆ."

ನಾನು ಕನ್ನಡದಲ್ಲಿ ಹೇಳಿದೆ. ಬೈರಕೂರಿನ ಹುಡುಗಿ ಆ ಮಗುವಿನ ಭುಜದಲ್ಲಿ ಮುಖವಿಟ್ಟು ಅತ್ತಳು. ಮುದುಕಿ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.