ಹಳೆ ತುಪ್ಪದ ನಾಲ್ಕು ಹರಳು

"ಲೇ, ಡಬ್ಬಿ ಮುಟ್ಟಬ್ಯಾಡ! ಗಳಿಗೆಗೊಂದ್ಸಲ ಅಲ್ಲಾಡಿಸಿದ್ರೆ ತುಪ್ಪ ಹೆಂಗೆ ಹರಳು ಕಟ್ತೈತೆ?" ಹೊಸದುರ್ಗದ ದೊಡ್ಡಮ್ಮ ನನ್ನ ಕೈಗೊಂದು ಏಟು ಕೊಟ್ಟು, ಆರಿದ ಹೊಸ ತುಪ್ಪಕ್ಕೆ ಹಳೆಯದರ ನಾಲ್ಕು ಹರಳು ಹಾಕಿ ಮುಚ್ಚಿದರು.

ನಾನು ಕ್ಷಯರೋಗಾಣುವಿನ ಪ್ರೋಟೀನೊಂದನ್ನು ಹರಳುಗಟ್ಟಿಸಲು ಹೆಣಗುತ್ತಿದ್ದೆ. ಹರಳಾದರೆ ಅದರ ರಚನೆ ತಿಳಿದು ಹೊಸ ಔಷಧಿ ಹುಡುಕಬಹುದು. ವರ್ಷವಿಡೀ ಸಿಕ್ಕಿದ್ದು ಬರೀ ಪುಡಿ. ದಿನವೂ ತೆಗೆದು ನೋಡಿ ಚೆಲ್ಲುತ್ತಿದ್ದೆ. ಸಂಶೋಧನೆ ಬಿಡುವುದೆಂದುಕೊಂಡೇ ಊರಿಗೆ ಬಂದಿದ್ದೆ. ಆ ಪುಡಿಯನ್ನೇ ಹೊಸ ದ್ರಾವಣಕ್ಕೆ ಬೀಜವಾಗಿ ಹಾಕಿ ಹರಳು ಬೆಳೆಸುವ ವಿಧಾನ ಓದಿ ಗೊತ್ತಿತ್ತು. ಕಾಯುವ ತಾಳ್ಮೆ ಇರಲಿಲ್ಲ. ಪ್ರಯೋಗಾಲಯಕ್ಕೆ ಮರಳಿ ಹೋಗಿ ಹಾಗೆಯೇ ಮಾಡಿದೆ, ಮೂರು ವಾರ ಮುಟ್ಟಲಿಲ್ಲ.

ಊರಲ್ಲಿದ್ದ ಆ ದಿನದ ನನ್ನ ಡೈರಿಯಲ್ಲಿ "ತುಪ್ಪ ಕಾಯಿಸಿದರು" ಎಂದಷ್ಟೇ ಇದೆ. ದೊಡ್ಡಮ್ಮನ ಮಾತು ಹೀಗೇ ಇತ್ತೆಂದು ಆಣೆ ಮಾಡಲಾರೆ. ಆದರೆ ಸೂಕ್ಷ್ಮದರ್ಶಕದಡಿ ಹೊಳೆದ ಹರಳು ಸುಳ್ಳಲ್ಲ. ಈಗ ಎರಡನೇ ಪ್ರೋಟೀನಿಗೆ ಕೈ ಹಾಕಿದ್ದೇನೆ.